ಜೋಹಾನ್ಸ್‌ಬರ್ಗ್‌ನಲ್ಲೂ ಸೈನೈಡ್ ಗುಡ್ಡ

ಕೋಲಾರದ ಪದವಿ ವಿದ್ಯಾರ್ಥಿಗಳಿಗೆ ಉಪಗ್ರಹ ಚಿತ್ರ ಓದುವುದನ್ನು ಹೇಳಿಕೊಡುವಾಗ ನಾನು ಊರಿನ ಹೆಸರನ್ನು ಮುಚ್ಚಿಟ್ಟು ಚಿತ್ರವನ್ನಷ್ಟೇ ತೋರಿಸುತ್ತೇನೆ. ಒಮ್ಮೆ ಪರದೆಯ ಮೇಲೆ ಮಾಸಲು ಬಣ್ಣದ ಚಪ್ಪಟೆ ದಿಬ್ಬಗಳು ಮೂಡಿದ್ದೇ ತಡ, ಹಿಂದಿನ ಬೆಂಚಿನ ಹುಡುಗಿಯೊಬ್ಬಳು, ‘ಸರ್, ಇದು ನಮ್ಮ ಕೆಜಿಎಫ್‌ನ ಸೈನೈಡ್ ಗುಡ್ಡ’ ಎಂದಳು. ಅದು ದಕ್ಷಿಣ ಆಫ್ರಿಕಾದ ಜೋಹಾನ್ಸ್‌ಬರ್ಗ್. ಆದರೂ ಅವಳಿಗೆ ಪೂರ್ತಿ ಅಂಕ ಕೊಟ್ಟೆ. ಎರಡೂ 1880ರ ದಶಕದಲ್ಲಿ ಚಿನ್ನದ ಬೆನ್ನು ಹತ್ತಿ ಬೆಳೆದ ಊರುಗಳು. ಅದಿರನ್ನು ನುಣ್ಣಗೆ ಅರೆದು, ಸೈನೈಡ್ ದ್ರಾವಣದಿಂದ ಚಿನ್ನ ಹಿಂಡಿದ ಮೇಲೆ ಉಳಿದ ಪುಡಿಯೇ ಎರಡೂ ಕಡೆ ಗುಡ್ಡವಾಗಿದೆ.

ಜೋಹಾನ್ಸ್‌ಬರ್ಗ್‌ನಲ್ಲಿ ಆ ದಿಬ್ಬಗಳ ಸಾಲಿನಿಂದ ಉತ್ತರಕ್ಕೆ ಹೋದರೆ ದಟ್ಟ ಹಸಿರು, ನಡುನಡುವೆ ಈಜುಕೊಳಗಳ ನೀಲಿ ಚುಕ್ಕೆ. ನೈಋತ್ಯಕ್ಕೆ ಸೊವೆಟೊ: ಒಂದೇ ಅಳತೆಯ ಪುಟ್ಟ ಸೂರುಗಳು, ಸಾಲಿಗೆ ಸಾಲು. ಕರಿಯರನ್ನು ನಗರದಿಂದ ದೂರವಿಡಲು ಕಟ್ಟಿದ ಬಡಾವಣೆಗಳವು. ಆ ಪ್ರಸ್ಥಭೂಮಿ ಮೂಲತಃ ಹುಲ್ಲುಗಾವಲು. ಅಲ್ಲಿನ ಮರಗಳನ್ನು ಯಾರೋ ನೆಟ್ಟು, ನೀರೆರೆದು ಬೆಳೆಸಿದ್ದಾರೆ. ಹಾಗಾಗಿ ಅಲ್ಲಿ ಮರದ ನೆರಳನ್ನು ಅಳೆದರೆ ಹಣವನ್ನೇ ಅಳೆದಂತೆ. ಕೆಜಿಎಫ್‌ನಲ್ಲೂ ಆಂಗ್ಲ ಅಧಿಕಾರಿಗಳ ಬಂಗಲೆಗಳ ವಿಶಾಲ ಕಾಂಪೌಂಡು ಒಂದೆಡೆ, ಗಣಿ ಕಾರ್ಮಿಕರ ಲೈನ್ ಮನೆಗಳು ಇನ್ನೊಂದೆಡೆ. 2001ರಲ್ಲಿ ಗಣಿ ಮುಚ್ಚಿದರೂ ಆ ವಿನ್ಯಾಸ ಆಕಾಶದಿಂದ ಇವತ್ತಿಗೂ ಕಾಣುತ್ತದೆ.

ಹಸಿರೆಂದರೆ ಹಣ ಎಂಬ ಈ ಸೂತ್ರವನ್ನು ಕೋಲಾರದ ಹಳ್ಳಿಗಳಿಗೆ ಹಚ್ಚಿದರೆ ಮಾತ್ರ ಕೈಕೊಡುತ್ತದೆ. ಬೇಸಿಗೆಯ ಚಿತ್ರದಲ್ಲಿ ಕಡುಹಸಿರಾಗಿ ಕಾಣುವುದು ನೀಲಗಿರಿ ತೋಪಾಗಿರಬಹುದು, ಬತ್ತಿದ ಕೆರೆಯಂಗಳದಲ್ಲಿ ಹಬ್ಬಿದ ಬಳ್ಳಾರಿ ಜಾಲಿಯೂ ಆಗಿರಬಹುದು. ಕೆರೆಯ ವಿಷಯದಲ್ಲಂತೂ ಚಿತ್ರದ ತಾರೀಖು ನೋಡದೆ ಬಾಯಿ ತೆರೆಯಬಾರದು. 2018ರಲ್ಲಿ ಕೆ.ಸಿ. ವ್ಯಾಲಿ ಯೋಜನೆಯಡಿ ಬೆಂಗಳೂರಿನ ಸಂಸ್ಕರಿತ ನೀರು ಹರಿಯತೊಡಗಿದ ಮೇಲೆ ಇಲ್ಲಿನ ಎಷ್ಟೋ ಕೆರೆಗಳ ಬಣ್ಣವೇ ಬದಲಾಯಿತು.

ಇನ್ನೊಂದು ತೊಡಕು ಚಿತ್ರವನ್ನು ರೂಪಿಸುವ ಚುಕ್ಕೆಯ (ಪಿಕ್ಸೆಲ್) ಅಳತೆಯದು. ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳು ಉಚಿತ. ಆದರೆ ಅವುಗಳ ಅತಿ ಸಣ್ಣ ಚುಕ್ಕೆಯೂ ನೆಲದ ಮೇಲೆ 10 ಮೀಟರ್ ಉದ್ದ, 10 ಮೀಟರ್ ಅಗಲ. ಒಂದು ಲೈನ್ ಮನೆ ಅದರೊಳಗೆ ಅಡಗಿಹೋಗುತ್ತದೆ, ಬಂಗಲೆಯ ಕಾಂಪೌಂಡು ಎದ್ದು ಕಾಣುತ್ತದೆ. ಪುಕ್ಕಟೆ ಚಿತ್ರದಲ್ಲಿ ಮೊದಲು ಮರೆಯಾಗುವವರು ಬಡವರೇ.

ಆಮೇಲೆ ಬೀದಿಮಟ್ಟದ ಚಿತ್ರಕ್ಕೆ ಇಳಿಯುತ್ತೇವೆ. ಮೇಲಿನಿಂದ ತೋಟದಂತಿದ್ದ ಜೋಹಾನ್ಸ್‌ಬರ್ಗ್‌ನ ಉತ್ತರದ ಬಡಾವಣೆಗಳಲ್ಲಿ ಎತ್ತರದ ಗೋಡೆ, ಅದರ ಮೇಲೆ ವಿದ್ಯುತ್ ತಂತಿ, ರಸ್ತೆಯಲ್ಲಿ ನರಪಿಳ್ಳೆಯಿಲ್ಲ. ಬೋಳಾಗಿ ಕಂಡಿದ್ದ ಸೊವೆಟೊದಲ್ಲಿ ಬೀದಿ ತುಂಬ ಜನ. ಕ್ಯಾಮೆರಾ ಹೊತ್ತ ಕಾರು ನುಗ್ಗಲಾಗದ ಓಣಿಗಳ ಚಿತ್ರ ಸಿಗುವುದು ಅಪರೂಪ. ಚಿತ್ರವಿಲ್ಲದ ಅಂಥ ತಾವುಗಳನ್ನೂ ಗುರುತು ಹಾಕಿಕೊಳ್ಳಿ ಎನ್ನುತ್ತೇನೆ.

ತರಗತಿ ಮುಗಿದ ಮೇಲೆ ಅದೇ ಹುಡುಗಿ ಬಂದು ಕೇಳಿದಳು: ‘ಸರ್, ಗಾಳಿ ಎದ್ದಾಗ ಅಲ್ಲಿಯೂ ಮನೆಯೊಳಗೆ ಪುಡಿ ಬಂದು ಕೂರುತ್ತದೆಯೇ?’

ಕೂರುತ್ತದೆ. ನಾನು ತೋರಿಸಿದ ಯಾವ ಚಿತ್ರದಲ್ಲೂ ಅದು ಇರಲಿಲ್ಲ.