371ಜೆ ಸರ್ಟಿಫಿಕೇಟ್ ಇದ್ದರೂ ರಿಜೆಕ್ಟ್ ಯಾಕೆ?

ಪ್ರಶ್ನೆ: ನಾನು ಚಿಂಚೋಳಿ ತಾಲೂಕಿನವನು. ಎಸ್‌ಡಿಎ (ದ್ವಿತೀಯ ದರ್ಜೆ ಸಹಾಯಕ) ಹುದ್ದೆಗೆ ಅರ್ಜಿ ಹಾಕಿದ್ದೆ. ಅಂಕ ಚೆನ್ನಾಗಿಯೇ ಬಂದಿತ್ತು. ದಾಖಲೆ ಪರಿಶೀಲನೆಯಲ್ಲಿ ಕಲ್ಯಾಣ ಕರ್ನಾಟಕದವರಿಗಿರುವ 371ಜೆ ಮೀಸಲಾತಿ ಕೊಡಲಿಲ್ಲ. ಸರ್ಟಿಫಿಕೇಟ್ ಇದೆಯಲ್ವಾ ಸರ್?

ಉತ್ತರ: ಮೊದಲು ಅದರ ಮೇಲಿನ ತಾರೀಖು ನೋಡಿ. ಅರ್ಜಿ ಹಾಕುವ ಕೊನೆಯ ದಿನದ ನಂತರದ್ದಾಗಿದ್ದರೆ ಸಾಮಾನ್ಯವಾಗಿ ಒಪ್ಪುವುದಿಲ್ಲ. ನೀವು ಹುಟ್ಟಾ ಚಿಂಚೋಳಿಯವರೇ ಆದರೂ ಅಷ್ಟೇ.

ಸಿಟ್ಟು ಬರುವುದು ಸಹಜ. 2013ರ ಆದೇಶದ ಪ್ರಕಾರ ನಮ್ಮ ಭಾಗದ ಸ್ಥಳೀಯ ವೃಂದದಲ್ಲಿ (ಇಲ್ಲಿನ ಕಚೇರಿಗಳ ಹುದ್ದೆಗಳಲ್ಲಿ) ಎಸ್‌ಡಿಎಯಂಥ ಗ್ರೂಪ್ ಸಿ ಹುದ್ದೆಗಳ ಶೇ. 80 ನಮ್ಮವರಿಗೇ ಮೀಸಲು. ಅಷ್ಟು ದೊಡ್ಡ ಪಾಲು ಒಂದು ತಾರೀಖಿನಿಂದ ಕೈತಪ್ಪುತ್ತದೆ.

ಬಹಳ ಜನ ನೋಟಿಫಿಕೇಷನ್ ಬಂದ ಮೇಲೆ ನಾಡಕಚೇರಿಗೆ ಓಡುತ್ತಾರೆ. ಅಲ್ಲಿ ಅರ್ಜಿ ಕೊಟ್ಟರೆ ಕೆಲಸ ಮುಗಿಯುವುದಿಲ್ಲ. ಗ್ರಾಮ ಆಡಳಿತಾಧಿಕಾರಿ, ಕಂದಾಯ ನಿರೀಕ್ಷಕರ ವರದಿ ಆಗಬೇಕು, ತಹಶೀಲ್ದಾರರನ್ನು ದಾಟಬೇಕು. ಕೊನೆಗೆ ಸರ್ಟಿಫಿಕೇಟ್ ಕೊಡುವವರು ಸಹಾಯಕ ಆಯುಕ್ತರು. ಚಿಂಚೋಳಿಯವರಿಗೆ ಅಂದರೆ ಸೇಡಂ ಎಸಿ. ಎಲ್ಲರೂ ಒಮ್ಮೆಲೇ ಅರ್ಜಿ ಹಾಕಿದಾಗ ಕಡತ ಎಲ್ಲೋ ಒಂದು ಕಡೆ ಕೂರುತ್ತದೆ. ಡಿಗ್ರಿ ಓದುವಾಗಲೇ ಮಾಡಿಸಿಡುವುದು ವಾಸಿ.

ಅಪ್ಪ-ಅಮ್ಮ ದುಡಿಯಲು ಪುಣೆಗೋ ಬೆಂಗಳೂರಿಗೋ ಹೋಗಿದ್ದಾಗ ಅಲ್ಲೇ ಹುಟ್ಟಿದವರು ಸುಮ್ನೆ ಹೆದರುತ್ತಾರೆ. ತಂದೆ ಅಥವಾ ತಾಯಿ ಈ ಭಾಗದಲ್ಲಿ ಹುಟ್ಟಿದ್ದರೆ ಮಕ್ಕಳಿಗೂ ಅರ್ಹತೆ ಇದೆ. 2013ರ ಜನವರಿ 1ಕ್ಕೆ ಮುಂಚಿನ 10 ವರ್ಷ ಅವರು ಇಲ್ಲಿ ವಾಸವಿದ್ದರೂ ಆಗುತ್ತದೆ. ಅವರ ಶಾಲಾ ದಾಖಲೆ, ಹಳೆಯ ರೇಷನ್ ಕಾರ್ಡ್ ಹುಡುಕಿಡಿ. ತಂದೆಯ ಹೆಸರು ಟಿಸಿಯಲ್ಲಿ ಒಂದು ರೀತಿ, ಆಧಾರ್‌ನಲ್ಲಿ ಇನ್ನೊಂದು ರೀತಿ ಇದ್ದರೆ ಅದನ್ನು ಈಗಲೇ ಸರಿಪಡಿಸಿಕೊಳ್ಳಿ. ಜಾಸ್ತಿ ತಲೆನೋವು ಅಲ್ಲೇ.

ಹಾಗೆಯೇ ಹಿಂದುಳಿದ ವರ್ಗಗಳ 2ಎ, 2ಬಿ, 3ಎ, 3ಬಿಯವರ ಜಾತಿ-ಆದಾಯ ಪತ್ರಕ್ಕೆ 5 ವರ್ಷ ಮಾತ್ರ ಆಯಸ್ಸು.

ನಿಮ್ಮ ವಿಷಯಕ್ಕೆ ಬರೋಣ. ತಾರೀಖು ಸರಿಯಾಗಿದ್ದೂ ಬಿಟ್ಟಿದ್ದರೆ, ತಾತ್ಕಾಲಿಕ ಆಯ್ಕೆ ಪಟ್ಟಿಗೆ ಆಕ್ಷೇಪಣೆ ಕೇಳಿದಾಗ ಸರ್ಟಿಫಿಕೇಟ್ ಮೇಲಿರುವ ಆರ್‌ಡಿ ನಂಬರ್ ಸಮೇತ ಬರೆದುಕೊಡಿ, ಸ್ವೀಕೃತಿ ಪಡೆಯಿರಿ. ಅದಕ್ಕೂ ಬಗ್ಗದಿದ್ದರೆ ರಾಜ್ಯ ಆಡಳಿತ ನ್ಯಾಯಮಂಡಳಿಗೆ ಹೋಗಬಹುದು. ಅದರ ಪೀಠ ಕಲಬುರಗಿಯಲ್ಲೇ ಇದೆ, ಬೆಂಗಳೂರಿನ ಬಸ್ ಹತ್ತಬೇಕಿಲ್ಲ. ತಾರೀಖೇ ತಡವಾಗಿದ್ದರೆ ಮಾತ್ರ ವಕೀಲರಿಗೆ ದುಡ್ಡು ಕೊಡುವ ಮುಂಚೆ ಎರಡು ಸಲ ಯೋಚಿಸಿ.