ಎಡನೀರು ಸ್ವಾಮೀಜಿಯ ತೀರ್ಪಿಗೆ ಎಷ್ಟು ವಿಳಾಸ?

ಕಾಸರಗೋಡಿನ ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿಯ ಹೆಸರು ಕೇಳದ ವಕೀಲರು ದೇಶದಲ್ಲೇ ಇರಲಿಕ್ಕಿಲ್ಲ. ಕೇರಳದ ಭೂಸುಧಾರಣೆ ಕಾನೂನನ್ನು ಪ್ರಶ್ನಿಸಿ ಅವರು ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದ್ದರು. 1973ರ ಏಪ್ರಿಲ್ 24ರಂದು 13 ನ್ಯಾಯಮೂರ್ತಿಗಳ ಪೀಠ 7-6ರ ಬಹುಮತದಿಂದ ತೀರ್ಪು ಕೊಟ್ಟಿತು. ಸಂವಿಧಾನದ ಮೂಲರಚನೆಯನ್ನು ಸಂಸತ್ತು ಕೆಡಿಸುವಂತಿಲ್ಲ ಎಂದಿತು.

ಆ ತೀರ್ಪನ್ನು ಓದಬೇಕು ಅಂತ ವಕೀಲರನ್ನು ಕೇಳಿ ನೋಡಿ. ಒಬ್ಬರು ‘ಎಐಆರ್ 1973 ಎಸ್‌ಸಿ 1461’ ಎನ್ನುತ್ತಾರೆ. ಇನ್ನೊಬ್ಬರು ‘(1973) 4 ಎಸ್‌ಸಿಸಿ 225’ ಎನ್ನುತ್ತಾರೆ. ಎರಡೂ ಸರಿ. ಮೊದಲನೆಯದು ನಾಗಪುರದ ಆಲ್ ಇಂಡಿಯಾ ರಿಪೋರ್ಟರ್ ಎಂಬ ತೀರ್ಪು ಸಂಗ್ರಹದ 1461ನೇ ಪುಟ. ಎರಡನೆಯದು ಲಖನೌದ ಈಸ್ಟರ್ನ್ ಬುಕ್ ಕಂಪನಿ 1969ರಿಂದ ತರುತ್ತಿರುವ ಸುಪ್ರೀಂ ಕೋರ್ಟ್ ಕೇಸಸ್‌ನ 225ನೇ ಪುಟ. ತೀರ್ಪು ಬರೆದದ್ದು ನಮ್ಮ ನ್ಯಾಯಮೂರ್ತಿಗಳು. ಅದರ ವಿಳಾಸ ಮಾತ್ರ ಖಾಸಗಿ ಪ್ರಕಾಶಕರ ಪುಟಸಂಖ್ಯೆ!

ಇದು ಬ್ರಿಟಿಷರ ಕಾಲದಿಂದ ಬೆಳೆದು ಬಂದ ಕಥೆ. 1875ರ ಕಾಯ್ದೆಯೊಂದು ‘ಇಂಡಿಯನ್ ಲಾ ರಿಪೋರ್ಟ್ಸ್’ ಎಂಬ ಅಧಿಕೃತ ಸರಣಿಗೆ ದಾರಿ ಮಾಡಿತು. ಅದೇ ಹೆಸರಿನ ಕರ್ನಾಟಕ ಸರಣಿಯನ್ನು ನಮ್ಮ ವಕೀಲರು ಇಂದಿಗೂ ‘ಐಎಲ್‌ಆರ್ ಕರ್ನಾಟಕ’ ಎಂದು ಉಲ್ಲೇಖಿಸುತ್ತಾರೆ. ಸುಪ್ರೀಂ ಕೋರ್ಟಿಗೂ 1950ರಿಂದ ತನ್ನದೇ ‘ಸುಪ್ರೀಂ ಕೋರ್ಟ್ ರಿಪೋರ್ಟ್ಸ್’ (ಎಸ್‌ಸಿಆರ್) ಇದೆ. ಆದರೆ ಸರ್ಕಾರಿ ಸಂಪುಟ ಕೈಸೇರುವಷ್ಟರಲ್ಲಿ ಖಾಸಗಿ ಜರ್ನಲ್ ಬಂದು ಹಳೆಯದಾಗಿರುತ್ತಿತ್ತು. ಖಾಸಗಿಯವರು ದುಡಿದದ್ದೂ ನಿಜ. ನೂರು ಪುಟದ ತೀರ್ಪಿನ ಸಾರವನ್ನು ಅದರ ಮೇಲೆ ಹಾಕುವ ಹೆಡ್‌ನೋಟ್ ಎಂಬ ಚಿಕ್ಕ ಟಿಪ್ಪಣಿಯಲ್ಲಿ ಹಿಡಿದಿಡುವುದು ಸುಮ್ನೆ ಆಗುವ ಕೆಲಸ ಅಲ್ಲ.

ತೊಂದರೆ ಬೇರೆ ಕಡೆ ಇತ್ತು. ಪೂರ್ತಿ ಸೆಟ್ ಇಟ್ಟುಕೊಳ್ಳಲು ದುಡ್ಡು ಬೇಕು, ಕಪಾಟು ಬೇಕು, ಪ್ರತಿ ವರ್ಷ ಚಂದಾ ಕಟ್ಟಬೇಕು. ದೊಡ್ಡ ಆಫೀಸಿನ ವಕೀಲರಿಗೆ ಸರಿ. ತಾಲ್ಲೂಕಿನ ಹೊಸ ವಕೀಲರಿಗೆ ವಕೀಲರ ಸಂಘದ ಲೈಬ್ರರಿಯೇ ಗತಿ. ಅಲ್ಲಿ ಆ ಸಂಪುಟ ಇಲ್ಲದಿದ್ದರೆ ಜಿಲ್ಲಾ ಕೇಂದ್ರಕ್ಕೋ ಬೆಂಗಳೂರಿಗೋ ಬಸ್ ಹತ್ತಬೇಕು. ಕಕ್ಷಿದಾರನ ಮಾತಂತೂ ಯಾರೂ ಎತ್ತುತ್ತಿರಲಿಲ್ಲ.

ಆಮೇಲೆ ಸಿ.ಡಿ.ಗಳ ಕಾಲ ಬಂತು. ತೀರ್ಪುಗಳನ್ನು ಸಿ.ಡಿ.ಗೆ ಹಾಕಿ ಮಾರುವವರು ಹುಟ್ಟಿಕೊಂಡರು. ನಮ್ಮದನ್ನು ನಕಲು ಮಾಡಿದ್ದಾರೆ ಎಂದು ಈಸ್ಟರ್ನ್ ಬುಕ್ ಕಂಪನಿ ಕೋರ್ಟಿಗೆ ಹೋಯಿತು. 2007ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಒಂದು ಗೆರೆ ಎಳೆಯಿತು. ಪ್ರಕಾಶಕರು ಸ್ವಂತ ಬುದ್ಧಿ ಬಳಸಿ ಸೇರಿಸಿದ ಹೆಡ್‌ನೋಟ್, ಪ್ಯಾರಾ ವಿಂಗಡಣೆ ಅವರದ್ದು. ತೀರ್ಪಿನ ಮೂಲ ಪಠ್ಯ ಎಲ್ಲರದ್ದು. ಲೈಬ್ರರಿಗಳ ಇತಿಹಾಸದಲ್ಲಿ ಇದಕ್ಕಿಂತ ದೊಡ್ಡ ತಿರುವು ನನಗೆ ಕಾಣುವುದಿಲ್ಲ.

ಮರುವರ್ಷವೇ, ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದ ಸುಶಾಂತ್ ಸಿನ್ಹಾ ತೀರ್ಪುಗಳನ್ನು ಹುಡುಕಿಕೊಡುವ ‘ಇಂಡಿಯನ್ ಕಾನೂನ್’ ವೆಬ್‌ಸೈಟ್ ಶುರು ಮಾಡಿದರು. ಅವರು ವಕೀಲರಲ್ಲ, ಕಂಪ್ಯೂಟರ್ ಓದಿದವರು. ಕೋರ್ಟಿನ ವೆಬ್‌ಸೈಟ್‌ಗಳಲ್ಲಿ ತೀರ್ಪುಗಳು ಮೊದಲೇ ಇದ್ದವು. ಆದರೆ ಹುಡುಕಿದರೆ ಸುಲಭಕ್ಕೆ ಸಿಗುತ್ತಿರಲಿಲ್ಲ. ಸಿಗುವ ಹಾಗೆ ಮಾಡಿದ್ದು ಅವರ ಸಾಧನೆ.

ಸರ್ಕಾರಿ ಬಾಗಿಲು ಪೂರ್ತಿ ತೆರೆದದ್ದು 2023ರ ಜನವರಿಯಲ್ಲಿ. ಸುಮಾರು 34,000 ತೀರ್ಪುಗಳೊಂದಿಗೆ ಸುಪ್ರೀಂ ಕೋರ್ಟ್ ರಿಪೋರ್ಟ್ಸ್‌ನ ಡಿಜಿಟಲ್ ರೂಪ ‘ಇ-ಎಸ್‌ಸಿಆರ್’ ಉಚಿತವಾಗಿ ಸಿಕ್ಕಿತು. ಅದೇ ವರ್ಷ ಪುಟಸಂಖ್ಯೆಯ ಹಂಗಿಲ್ಲದೆ ಕೋರ್ಟೇ ತೀರ್ಪಿಗೆ ಕೊಡುವ ತಟಸ್ಥ ಸಂಖ್ಯೆಯೂ ಬಂತು. ನಿಮ್ಮ ಮನೆಯಲ್ಲಿ ನಮ್ಮ ಹೈಕೋರ್ಟಿನ ಇತ್ತೀಚಿನ ಆದೇಶದ ಪ್ರತಿ ಇದ್ದರೆ ಮೇಲ್ಭಾಗ ನೋಡಿ. ‘ಎನ್‌ಸಿ’, ವರ್ಷ, ‘ಕೆಎಚ್‌ಸಿ’, ಆಮೇಲೆ ಒಂದು ಸಂಖ್ಯೆ ಇರುತ್ತದೆ. ಧಾರವಾಡ ಪೀಠದ್ದಾದರೆ ಜೊತೆಗೆ ‘ಡಿ’, ಕಲಬುರಗಿಯದ್ದಾದರೆ ‘ಕೆ’. ಆ ವಿಳಾಸಕ್ಕೆ ಯಾವ ಪ್ರಕಾಶಕರ ಪುಸ್ತಕವೂ ಬೇಕಿಲ್ಲ.

ಹೀಗೆ ಎಲ್ಲವೂ ತೆರೆದಿರುವುದರಿಂದ ಇನ್ನೊಂದು ಲಾಭವೂ ಇದೆ. 2025ರ ಮಾರ್ಚ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಮುಂದೆ ವಿಚಿತ್ರ ಸಂಗತಿ ಬಂತು. ಕೆಳಗಿನ ನ್ಯಾಯಾಲಯದ ಆದೇಶವೊಂದು ಸುಪ್ರೀಂ ಕೋರ್ಟಿನ ತೀರ್ಪುಗಳನ್ನು ಉಲ್ಲೇಖಿಸಿತ್ತು. ಹುಡುಕಿದರೆ ಅಂಥ ತೀರ್ಪುಗಳೇ ಇರಲಿಲ್ಲ! ಕೃತಕ ಬುದ್ಧಿಮತ್ತೆ ಇಲ್ಲದ ಕೇಸನ್ನೂ ಹುಟ್ಟಿಸಿಕೊಡುವ ಈ ದಿನಗಳಲ್ಲಿ, ಯಾರು ಬೇಕಾದರೂ ಮೂಲ ತೆರೆದು ನೋಡಬಹುದು ಅನ್ನುವುದು ದೊಡ್ಡ ಕಾವಲು. ಲೈಬ್ರರಿಯನ್‌ಗಳಿಗೂ ಈಗ ಇದೇ ಮುಖ್ಯ ಕೆಲಸ ಆಗಬೇಕು ಅಂತ ನನ್ನ ಅನಿಸಿಕೆ.

ಉಳಿದಿರುವುದು ಭಾಷೆ. ತಾಲ್ಲೂಕು ಕೋರ್ಟಿನಲ್ಲಿ ವಾದ ಕನ್ನಡದಲ್ಲಿ ನಡೆದರೂ ಆಧಾರಕ್ಕೆ ಕೊಡುವ ತೀರ್ಪು ಇಂಗ್ಲಿಷಿನದ್ದು. ಇ-ಎಸ್‌ಸಿಆರ್‌ನಲ್ಲಿ ಭಾರತೀಯ ಭಾಷೆಗಳ ಅನುವಾದ ಶುರುವಾದಾಗ ಹಿಂದಿಯಲ್ಲಿ 1,091 ತೀರ್ಪುಗಳಿದ್ದವು. ಕನ್ನಡದಲ್ಲಿ 17. ಆಮೇಲೆ ಸಂಖ್ಯೆ ಬೆಳೆದಿದೆ. ಕೇಶವಾನಂದ ಭಾರತಿ ಪ್ರಕರಣಕ್ಕೆ 50 ವರ್ಷ ತುಂಬಿದ ನೆನಪಿಗೆ ಸುಪ್ರೀಂ ಕೋರ್ಟ್ ಮಾಡಿದ ವೆಬ್ ಪುಟ ಕನ್ನಡವೂ ಸೇರಿ 10 ಭಾಷೆಗಳಲ್ಲಿ ಬಂದಿದೆ. ಎಡನೀರಿನವರು ತಮ್ಮ ಊರಿನ ಕೇಸಿನ ಕಥೆಯನ್ನು ತಮ್ಮ ಭಾಷೆಯಲ್ಲೇ ಓದಬಹುದು, ಎಷ್ಟು ಖುಷಿಯ ವಿಷಯ ಅಲ್ವಾ?

ಆದರೆ ಅನುವಾದ ಕಕ್ಷಿದಾರರ ತಿಳುವಳಿಕೆಗೆ ಮಾತ್ರ, ಅಧಿಕೃತವಾದದ್ದು ಇಂಗ್ಲಿಷ್ ಪ್ರತಿಯೇ. ಅದಕ್ಕೆ ಕಾರಣವೂ ಇದೆ. ಮೊದಲ ಕರಡು ಯಂತ್ರದ್ದು. ‘ಲೀವ್ ಗ್ರಾಂಟೆಡ್’ ಅಂದರೆ ಮೇಲ್ಮನವಿಗೆ ಅನುಮತಿ ಸಿಕ್ಕಿತು ಎಂದರ್ಥ. ಯಂತ್ರ ಅದನ್ನು ಹಿಂದಿಯಲ್ಲಿ ‘ರಜೆ ಮಂಜೂರಾಗಿದೆ’ ಎಂದು ಮಾಡಿದ್ದನ್ನು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯೇ ಹೇಳಿದ್ದುಂಟು. ಅಂಥ ತಪ್ಪು ಹಿಡಿಯಲು ಕಾನೂನನ್ನೂ ಕನ್ನಡವನ್ನೂ ಚೆನ್ನಾಗಿ ಬಲ್ಲವರು ಕೂತು ಸಾಲುಸಾಲು ಓದಬೇಕು. ಅವರಿಗೆ ತಕ್ಕ ಸಂಬಳವನ್ನೂ ಕೊಡಬೇಕು.