ಆನ್‌ಲೈನ್ ಕಿರುಕುಳ: ಮಗು ಬಂದು ಹೇಳಿದಾಗ ಯಾವ ಕಲಂ, ಯಾವ ದಾರಿ

ಬಿ.ಎಡ್ ಓದುತ್ತಿರುವ ಗೆಳೆಯರು ಮೊದಲು ಒಂದು ವಿಷಯ ತಿಳಿದುಕೊಳ್ಳಬೇಕು. ‘ಸೈಬರ್ ಬುಲ್ಲಿಯಿಂಗ್’ ಅಂತ ಹೆಸರು ಹೇಳಿ ಶಿಕ್ಷೆ ಕೊಡುವ ಕಲಂ ನಮ್ಮ ಕೇಂದ್ರ ಕಾನೂನುಗಳಲ್ಲಿ ಇಲ್ಲ. ಹಾಗಂತ ಮಗುವಿಗೆ ರಕ್ಷಣೆಯೇ ಇಲ್ಲ ಅಂದುಕೊಳ್ಳಬೇಡಿ. ಕಿರುಕುಳ ಕೊಟ್ಟವರು ಏನೇನು ಮಾಡಿದ್ದಾರೆ ಅಂತ ಬಿಡಿಸಿ ನೋಡಬೇಕು. ಒಂದೊಂದಕ್ಕೂ ಹೊಂದುವ ಕಲಂ ಸಿಗುತ್ತದೆ. ಆನ್‌ಲೈನ್‌ನಲ್ಲಿ ಕಿರಿಕಿರಿಯ ಸಂದೇಶ ಕಳಿಸಿದವರಿಗೆ ಶಿಕ್ಷೆ ಕೊಡುತ್ತಿದ್ದ ಐಟಿ (ಮಾಹಿತಿ ತಂತ್ರಜ್ಞಾನ) ಕಾಯ್ದೆಯ 66ಎ ಕಲಂ ಹಳೆಯ ನೋಟ್ಸ್‌ನಲ್ಲಿ ಕಂಡರೆ ಹೊಡೆದುಹಾಕಿ. ಶ್ರೇಯಾ ಸಿಂಘಾಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2015ರ ಮಾರ್ಚ್ 24ರಂದೇ ಅದನ್ನು ರದ್ದು ಮಾಡಿದೆ.

ಈಗ ಒಂದು ಸಂದರ್ಭ ನೋಡೋಣ. ಒಂಬತ್ತನೇ ತರಗತಿಯ ಹುಡುಗಿ. ಯಾರೋ ಅವಳ ಡಿಪಿ ಸೇವ್ ಮಾಡಿಕೊಂಡು, ಆ ಮುಖವನ್ನು ಬೇರೆ ಮೈಗೆ ಜೋಡಿಸಿ ಬೆತ್ತಲೆ ಚಿತ್ರ ಮಾಡಿದ್ದಾನೆ. ‘ವಿಡಿಯೊ ಕಾಲ್‌ಗೆ ಬಾ, ಇಲ್ಲಾಂದ್ರೆ ಕ್ಲಾಸ್ ಗ್ರೂಪಿಗೆ ಹಾಕ್ತೀನಿ’ ಅಂತ ಮೆಸೇಜ್ ಮೇಲೆ ಮೆಸೇಜ್. ‘ಅದು ನಿನ್ನ ನಿಜವಾದ ಫೋಟೊ ಅಲ್ವಲ್ಲ, ಸುಮ್ನೆ ಬಿಡು’ ಅನ್ನುವ ದೊಡ್ಡವರೇ ಜಾಸ್ತಿ. ಕಾನೂನು ಹಾಗೆ ಹೇಳುವುದಿಲ್ಲ. ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯ 11ನೇ ಕಲಂ ಪ್ರಕಾರ, ಲೈಂಗಿಕ ಉದ್ದೇಶದಿಂದ ಇಂಥ ಚಿತ್ರ ಹಾಕುತ್ತೇನೆ ಎಂದು ಮಗುವನ್ನು ಬೆದರಿಸುವುದೇ ಅಪರಾಧ. ಚಿತ್ರ ನಿಜವೋ ಕಟ್ಟಿದ್ದೋ ಎಂಬುದು ಲೆಕ್ಕಕ್ಕೆ ಬರುವುದಿಲ್ಲ. ಇದಕ್ಕೆ 3 ವರ್ಷದವರೆಗೆ ಜೈಲು. ಆ ಚಿತ್ರ ತಯಾರಿಸಿದ್ದಕ್ಕೆ, ಹಂಚಿದ್ದಕ್ಕೆ ಐಟಿ ಕಾಯ್ದೆಯ 67ಬಿ ಇದೆ: ಮೊದಲ ಸಲಕ್ಕೆ 5 ವರ್ಷದವರೆಗೆ ಜೈಲು, 10 ಲಕ್ಷ ರೂಪಾಯಿವರೆಗೆ ದಂಡ. ಬೆದರಿಕೆಗೆ ಬಿಎನ್‌ಎಸ್ (ಐಪಿಸಿ ಬದಲಿಗೆ ಬಂದ ಭಾರತೀಯ ನ್ಯಾಯ ಸಂಹಿತೆ) 351, ಬೆದರಿಸಿ ದುಡ್ಡು ಕೇಳಿದ್ದರೆ 308.

ಸಾಕ್ಷ್ಯದ ವಿಷಯದಲ್ಲೇ ಹೆಚ್ಚಿನವರು ಎಡವುವುದು. ಮಗು ಹೆದರಿ ಚಾಟ್ ಅಳಿಸುತ್ತದೆ, ಅಪ್ಪ ಸಿಟ್ಟಿನಿಂದ ಅಕೌಂಟನ್ನೇ ತೆಗೆಸುತ್ತಾರೆ. ಬ್ಲಾಕ್ ಮಾಡುವ ಮೊದಲು ಬೆದರಿಕೆಯ ಮೆಸೇಜುಗಳನ್ನು ದಿನಾಂಕ, ಸಮಯ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದುಕೊಳ್ಳಿ. ಪ್ರೊಫೈಲಿನ ಲಿಂಕ್ ಕಾಪಿ ಮಾಡಿಡಿ. ಮೇಲೆ ಕಾಣುವ ಹೆಸರನ್ನು ಅವನು ಯಾವಾಗ ಬೇಕಾದರೂ ಬದಲಿಸಬಹುದು, ಅದೊಂದೇ ಸಾಲದು. ಫೋನನ್ನು ರೀಸೆಟ್ ಮಾಡಬೇಡಿ.

ಚಿತ್ರವನ್ನು ಮಾತ್ರ ಯಾರಿಗೂ ಫಾರ್ವರ್ಡ್ ಮಾಡಬಾರದು. ‘ಇದು ನಮ್ಮ ಶಾಲೆಯ ಮಗುವಾ ನೋಡಿ’ ಅಂತ ಸ್ಟಾಫ್ ಗ್ರೂಪಿಗೆ ಕಳಿಸಿದ ಟೀಚರ್ ಕೂಡ 67ಬಿ ಅಡಿ ಸಿಕ್ಕಿಬೀಳಬಹುದು. ಅದಕ್ಕಿಂತ ದೊಡ್ಡ ನೋವು ಆ ಮಗುವಿನದು. ಇಂಥ ಚಿತ್ರವನ್ನು ಅಳಿಸದೆ, ದೂರನ್ನೂ ಕೊಡದೆ ಹಂಚುವ ಉದ್ದೇಶದಿಂದ ಇಟ್ಟುಕೊಳ್ಳುವುದೇ ಪೋಕ್ಸೊ 15ನೇ ಕಲಂನ ಅಪರಾಧ. 2024ರ ಸೆಪ್ಟೆಂಬರ್ 23ರ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್ ಈ ಕಲಂ ಅನ್ನು ವಿವರವಾಗಿ ಬಿಡಿಸಿ ಹೇಳಿದೆ.

ಪೋಕ್ಸೊ ಅಪರಾಧ ಗೊತ್ತಾದ ಮೇಲೆ ಪೊಲೀಸರಿಗೆ ತಿಳಿಸುವುದು 19ನೇ ಕಲಂ ಪ್ರಕಾರ ಕಡ್ಡಾಯ. ‘ಶಾಲೆಯ ಮರ್ಯಾದೆ ಹೋಗುತ್ತೆ, ಒಳಗೇ ಮುಗಿಸೋಣ’ ಅನ್ನುವ ಮಾತಿಗೆ ಇಲ್ಲಿ ಜಾಗವಿಲ್ಲ. ತಿಳಿಸದಿದ್ದರೆ 6 ತಿಂಗಳವರೆಗೆ, ಸಂಸ್ಥೆಯ ಮುಖ್ಯಸ್ಥರು ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದಿದ್ದರೆ 1 ವರ್ಷದವರೆಗೆ ಜೈಲು. ಮುಚ್ಚಿಟ್ಟ ಮಗುವಿಗೆ ಈ ಶಿಕ್ಷೆ ಇಲ್ಲ. ‘ಇಷ್ಟು ದಿನ ಯಾಕೆ ಹೇಳಲಿಲ್ಲ’ ಅಂತ ಗದರುವ ಮುಂಚೆ ಇದು ನೆನಪಿರಲಿ.

ದೂರು ಕೊಡಲು ಹತ್ತಿರದ ಠಾಣೆ ಸಾಕು. ಕರ್ನಾಟಕದಲ್ಲಿ ಸಿಇಎನ್ (ಸೈಬರ್, ಆರ್ಥಿಕ, ಮಾದಕವಸ್ತು ಅಪರಾಧ) ಠಾಣೆಗಳೂ ಇವೆ. ಮಕ್ಕಳ ಸಹಾಯವಾಣಿ 1098. ದುಡ್ಡು ಹೋಗಿದ್ದರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930. ಠಾಣೆ ಅಂದರೆ ಹೆದರುವ ಮಗುವಿಗೆ ಪೋಕ್ಸೊ 24ನೇ ಕಲಂ ಓದಿ ಹೇಳಿ. ಹೇಳಿಕೆಯನ್ನು ಮನೆಯಲ್ಲೇ ಪಡೆಯಬಹುದು, ಪೊಲೀಸರು ಸಮವಸ್ತ್ರದಲ್ಲಿ ಇರಬಾರದು, ರಾತ್ರಿ ಮಗುವನ್ನು ಠಾಣೆಯಲ್ಲಿ ಇರಿಸಿಕೊಳ್ಳುವಂತಿಲ್ಲ.

ಚಿತ್ರ ಹರಡೀತು ಎಂಬ ಭಯಕ್ಕೆ ‘ಟೇಕ್ ಇಟ್ ಡೌನ್’ ಎಂಬ ಉಚಿತ ಸೇವೆ ಇದೆ. ಕಾಣೆಯಾದ, ಶೋಷಣೆಗೊಳಗಾದ ಮಕ್ಕಳಿಗಾಗಿ ಇರುವ ಅಮೆರಿಕದ ಸಂಸ್ಥೆ ಎನ್‌ಸಿಎಂಇಸಿ ಇದನ್ನು ನಡೆಸುತ್ತದೆ. ಚಿತ್ರ ಫೋನಿನಲ್ಲೇ ಉಳಿಯುತ್ತದೆ. ಅದರ ಹ್ಯಾಶ್, ಅಂದರೆ ಆ ಚಿತ್ರಕ್ಕಷ್ಟೇ ಹೊಂದುವ ಒಂದು ಕೋಡ್, ಮಾತ್ರ ಹೋಗುತ್ತದೆ. ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನಂಥ ಕಂಪನಿಗಳು ಅದನ್ನು ಹಿಡಿದು ಹುಡುಕಿ ತೆಗೆಯುತ್ತವೆ. ಎನ್‌ಕ್ರಿಪ್ಟ್ ಆದ, ಅಂದರೆ ಕಳಿಸಿದವರು ಮತ್ತು ಪಡೆದವರು ಮಾತ್ರ ಓದಬಲ್ಲ, ಚಾಟ್‌ಗಳಲ್ಲಿ ಇದು ನಡೆಯುವುದಿಲ್ಲ.

ಬೆದರಿಸಿದವನು ಪಕ್ಕದ ಬೆಂಚಿನ ಹುಡುಗನೇ ಆಗಿದ್ದರೆ? 18 ತುಂಬದಿದ್ದರೆ 2015ರ ಬಾಲನ್ಯಾಯ ಕಾಯ್ದೆ ಪ್ರಕಾರ ಪ್ರಕರಣ ಬಾಲನ್ಯಾಯ ಮಂಡಳಿಯ ಮುಂದೆ ಹೋಗುತ್ತದೆ. ಅವನನ್ನು ಲಾಕಪ್‌ನಲ್ಲಿ ಹಾಕುವಂತಿಲ್ಲ. ಅದೇ ಕಾಯ್ದೆಯ 74ನೇ ಕಲಂ ಪ್ರಕಾರ ಮಾಧ್ಯಮದವರು ಆ ಹುಡುಗಿಯ ಗುರುತನ್ನಾಗಲಿ, ಅವನ ಗುರುತನ್ನಾಗಲಿ ಹೊರಗೆ ಹಾಕುವಂತಿಲ್ಲ.